ಭಾಗೀರಥಮ್ಮನ ಮನೆಯ ಬಾಗಿಲು ಹಿಡಿದದ್ದು

ಅವತ್ತು ಬೆಳಿಗ್ಗೆ ಏಳು ಗಂಟೆಗೆಲ್ಲ ನಾನು ಮಗ್ಗದ ಬೀದಿಯಲ್ಲಿ ಒಂದು ಬಾಗಿಲು ಬಿಡಿಸಿ, ಗೆದ್ದ ಹುಮ್ಮಸ್ಸಿನಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ವಾಪಸು ಬರುತ್ತಿದ್ದೆ. ಒಳಗಿದ್ದದ್ದು ಹೊಸದಾಗಿ ಮದುವೆಯಾದ ಜೋಡಿ. ಗಂಡ "ತಮಾಷೆ ಮಾಡಿದೆ, ತಮಾಷೆ ಮಾಡಿದೆ" ಎಂದು ಬಾಗಿಲಿಗೆ ಹಣೆ ಚಚ್ಚಿಕೊಳ್ಳುತ್ತಿದ್ದ. ಹೆಂಡತಿ ಹಾಡಿದ್ದನ್ನು ಅವಳೆದುರೇ ಅಣಕಿಸಿ ತೋರಿಸಿದ್ದನಂತೆ. ಎಷ್ಟು ಸಲ ಎಂದು ಕೇಳಿದೆ. ಮೂರು ಸಲ ಎಂದ. ಅವಳು ನಕ್ಕಳಾ? ಮೊದಲನೇ ಸಲ ನಕ್ಕಳು. ಎರಡನೇ ಸಲ? ಸುಮ್ಮನಿದ್ದಳು. ಮೂರನೇ ಸಲ? ಎದ್ದು ಅಡುಗೆಮನೆಗೆ ಹೋದಳು. "ಅಯ್ಯಾ, ಮೊದಲನೇದು ತಮಾಷೆ, ಎರಡನೇದು ರೇಗಿಸಿದ್ದು, ಮೂರನೇದು ಹೀಯಾಳಿಸಿದ್ದು. ಆ ಮೂರನೇದನ್ನ ಹೇಳು" ಎಂದೆ. "ನಾನು ಹೀಯಾಳಿಸಿದೆ" ಎಂದ. ಬಾಗಿಲು ತಾನಾಗಿಯೇ ಒಂದು ಗೇಣು ಹಿಂದಕ್ಕೆ ಸರಿಯಿತು.

ನಮ್ಮೂರಲ್ಲಿ ಮನೆಯೊಳಗೆ ಒಬ್ಬರು ಇನ್ನೊಬ್ಬರಿಗೆ ನೋವು ಕೊಟ್ಟರೆ ಬಾಗಿಲು ಹಿಡಿಯುತ್ತದೆ. ನೋವು ಕೊಟ್ಟವರು ತಾವು ಮಾಡಿದ್ದನ್ನು ಅದಕ್ಕೆ ತಕ್ಕ ಮಾತಿನಲ್ಲಿ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ, ಬಾಯಿಬಿಟ್ಟು ಹೇಳುವ ತನಕ ಬಿಡುವುದಿಲ್ಲ. ಚುಚ್ಚಿದವನು ರೇಗಿಸಿದೆ ಎಂದರೆ ಬಿಡುವುದಿಲ್ಲ. ರೇಗಿಸಿದವನು ಹೆದರಿಕೊಂಡು ಹಿಂಸೆ ಕೊಟ್ಟೆ ಎಂದು ಎದೆ ಬಡಿದುಕೊಂಡರೂ ಬಿಡುವುದಿಲ್ಲ. ಇದ್ದ ನಿಜವನ್ನು ಹೇಳಿದ್ದಕ್ಕೆ ನೋವಾದರೆ ಮಾತ್ರ ಹಿಡಿಯುವುದಿಲ್ಲ. ಕೊಡಲಿ ಹಾಕಿದರೆ ಕೊಡಲಿಯೇ ಮೊಂಡಾಗುತ್ತದೆ. ಕಿಟಕಿಯ ಕಂಬಿ, ಮಾಡಿನ ಹೆಂಚು, ಹಿತ್ತಲ ಬಾಗಿಲು ಒಂದೂ ಅಲುಗುವುದಿಲ್ಲ. ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಹಾಲಿನವನು ಕಿಟಕಿಯೊಳಗೆ ತೂರಿಸುವಷ್ಟು ಉದ್ದದ ಕೊಳವೆ ಹಿಡಿದೇ ತಿರುಗುತ್ತಾನೆ. ಶಾಲೆಯಲ್ಲಿ 'ಬಾಗಿಲು ಹಿಡಿದಿತ್ತು' ಎಂದರೆ ಮೇಷ್ಟ್ರು ಮರುಮಾತಾಡದೆ ಹಾಜರಿ ಹಾಕುತ್ತಾರೆ. ಸಂಬಂಧ ನೋಡಲು ಬಂದವರು ಪಕ್ಕದ ಮನೆಯವರನ್ನು ಮೆಲ್ಲಗೆ ಕೇಳುವುದು ಒಂದೇ ಪ್ರಶ್ನೆ, ವರ್ಷಕ್ಕೆ ಎಷ್ಟು ಸಲ ಹಿಡಿಯುತ್ತೆ ಎಂದು. ಒಂದು ಸಲವೂ ಹಿಡಿಯದ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ. ಅಲ್ಲಿ ಒಬ್ಬರನ್ನೊಬ್ಬರು ಮಾತಾಡಿಸುವುದೇ ಇಲ್ಲ ಎಂದು ಅರ್ಥ. ದಿನನಿತ್ಯದ ಸಣ್ಣಪುಟ್ಟವನ್ನು ಜನ ಚಪ್ಪಲಿ ಮೆಟ್ಟುತ್ತಲೇ ಹೇಳಿ ಮುಗಿಸುತ್ತಾರೆ: "ಗದರಿದೆ ಕಣೇ, ಬರ್ತೀನಿ." ನಾಲಿಗೆ ಹೊರಳದಂಥದ್ದು ಇದ್ದಾಗ ಮಾತ್ರ ನನಗೆ ಹೇಳಿಕಳಿಸುತ್ತಾರೆ. ಇಪ್ಪತ್ತೆಂಟು ವರ್ಷದಿಂದ ಇದೇ ನನ್ನ ಕೆಲಸ. ಹೆಸರು ವಿಮಲ, ಊರು ಕರೆಯುವುದು ಬಾಗಿಲಮ್ಮ ಎಂದು. ಆ ಹೆಸರಿನ ಬಗ್ಗೆ ನನಗೆ ಜಂಬವಿತ್ತು, ಸುಳ್ಳು ಯಾಕೆ ಹೇಳಲಿ.

ಆಗ ನಾನಿದ್ದದ್ದು ಭಾಗೀರಥಮ್ಮನವರ ಮನೆಯಲ್ಲಿ. ಅವರು ನನ್ನ ಬೀಗಿತ್ತಿ. ನಾನು ಸಾಕಿದ ಚಂದ್ರಿಕಾಳನ್ನು ಅವರ ಮಗ ದಯಾಕರನಿಗೆ ಕೊಟ್ಟಿತ್ತು. ಚಂದ್ರಿಕಾ ನನ್ನ ಅಕ್ಕನ ಮಗಳು. ಅಕ್ಕ ತೀರಿಕೊಂಡಾಗ ಎರಡು ವರ್ಷದವಳು, ಅಂದಿನಿಂದ ನನ್ನ ಮಡಿಲಲ್ಲೇ ಬೆಳೆದವಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಿತ್ತು. ಆದರೆ ನನ್ನದು ಹಿಟ್ಟಿನ ಗಿರಣಿಯ ಮೇಲಿನ ಒಂದೇ ಕೋಣೆ, ಏಣಿಯಂಥ ಮೆಟ್ಟಿಲು. ತುಂಬಿದ ಬಸುರಿ ಹತ್ತುವ ಜಾಗವಲ್ಲ. ಹಾಗಾಗಿ ನಾನೇ ಹಾಸಿಗೆ ಸುತ್ತಿಕೊಂಡು ಎಂಟು ದಿನದ ಹಿಂದೆ ಅಲ್ಲಿ ಹೋಗಿ ಕೂತಿದ್ದೆ.

ಬೀದಿಯ ತಿರುವಿಗೆ ಬಂದಾಗ ಮನೆಯ ಮುಂದೆ ಆಟೋ ನಿಂತದ್ದು ಕಂಡಿತು. ಅಕ್ಕಪಕ್ಕದವರೆಲ್ಲ ಸೇರಿದ್ದರು. ನರ್ಸ್ ಫಿಲೋಮಿನಾ ಕಿಟಕಿಯ ಕಂಬಿಗಳ ನಡುವೆ ಮೊಣಕೈತನಕ ಕೈ ತೂರಿಸಿ ನಿಂತಿದ್ದಳು. ಒಳಗಡೆಯಿಂದ ಚಂದ್ರಿಕಾ ಕಿಟಕಿಗೆ ಹೊಟ್ಟೆ ಆನಿಸಿ, ಕಂಬಿ ಹಿಡಿದು, ಹಲ್ಲು ಕಚ್ಚಿ ನಿಂತಿದ್ದಳು.

"ಮಗು ಅಡ್ಡ ತಿರುಗಿದೆ ಬಾಗಿಲಮ್ಮ," ಫಿಲೋಮಿನಾ ಕೈ ಹೊರಗೆಳೆದುಕೊಳ್ಳುತ್ತ ಹೇಳಿದಳು. "ಇದು ಮನೇಲಿ ಆಗೋ ಹೆರಿಗೆ ಅಲ್ಲ. ಆಸ್ಪತ್ರೆಗೆ ಹೋಗ್ಲೇಬೇಕು. ಆರು ಗಂಟೆಗೆ ನೋವು ಶುರುವಾಯ್ತಂತೆ, ಹೊರಡೋಣ ಅಂತ ನೋಡಿದ್ರೆ ಬಾಗಿಲು ಹಿಡಿದಿದೆ."

"ಎಷ್ಟು ಹೊತ್ತಿದೆ ನಮಗೆ?"

"ಅದನ್ನ ಹೇಗೆ ಹೇಳ್ಲಿ? ನೀರಿನ ಚೀಲ ಒಡೆಯೋ ತನಕ ಪರವಾಗಿಲ್ಲ. ಒಡೆದ ಮೇಲೆ ಒಂದೊಂದು ನಿಮಿಷಾನೂ ಕಷ್ಟ. ಇಬ್ರಲ್ಲಿ ಯಾರು ಉಳೀತಾರೆ ಅಂತ ನನ್ನ ಕೇಳ್ಬೇಡಿ."

ನಸುಕಿನಲ್ಲಿ ನಾನು ಹೊರಟಾಗ ಬಾಗಿಲು ಸಲೀಸಾಗಿ ತೆರೆದಿತ್ತು. ಆಮೇಲೆ ಹಿಡಿದಿದೆ. ನೋವು ಕೊಟ್ಟ ಕೂಡಲೇ ಹಿಡಿಯಬೇಕೆಂದೇನಿಲ್ಲ. ಅದು ಒಳಗಿಳಿದು ಕೂರಲು ಒಂದೊಂದು ಸಲ ಒಂದು ರಾತ್ರಿ ಸಾಕು, ಒಂದೊಂದು ಸಲ ತಿಂಗಳುಗಟ್ಟಲೆ ಬೇಕಾಗುತ್ತದೆ. ನಾನು ಜಗಲಿಯ ಮೇಲೆ ಬಾಗಿಲಿಗೆ ಎದುರಾಗಿ ಕೂತೆ. ನಮ್ಮ ಕೆಲಸದ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಒಳಗೆ ಯಾರು ಯಾರಿದ್ದೀರಿ?" ಎಂದು ಕೂಗಿದೆ. "ನಾನು, ಅಮ್ಮ, ಚಂದ್ರಿಕಾ" ಎಂದು ದಯಾಕರನ ದನಿ ಬಂತು. ಮೂರು ಬೆರಳು ಮಡಚಿದೆ. ಆ ಮೂವರಲ್ಲಿ ಯಾರು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

"ಭಾಗೀರಥಮ್ಮನವರೇ, ಹುಡುಗಿಗೆ ಏನಂದ್ರಿ?"

"ನಾನೇನೂ ಅನ್ನಲಿಲ್ವಲ್ಲ, ವಿಮಲಮ್ಮ."

"ಎಲ್ಲ ಅತ್ತೇರೂ ಹೀಗೇ ಶುರು ಮಾಡೋದು. ಹೊತ್ತಿಲ್ಲ, ನೆನಪು ಮಾಡ್ಕೊಳ್ಳಿ."

ಆಕೆ ನೆನಪು ಮಾಡಿಕೊಂಡರು. ಹೋದ ತಿಂಗಳು ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆ ಸರಿಸಿದ್ದರಂತೆ. ಚಂದ್ರಿಕಾ ಹೊತ್ತೇರಿ ಎದ್ದಾಗ ಪಾತ್ರೆ ಕುಕ್ಕಿದ್ದರಂತೆ. "ಚುಚ್ಚಿದೆ ಅನ್ನಿ" ಎಂದೆ. "ಚುಚ್ಚಿದೆ" ಎಂದರು. ಬಾಗಿಲು ಅಲುಗಲಿಲ್ಲ. "ಹಂಗಿಸಿದೆ ಅನ್ನಿ." ಅಂದರು. "ಮೂದಲಿಸಿದೆ, ಜರೆದೆ." ಅದನ್ನೂ ಅಂದರು. ನಾನು ಒಂದೊಂದೇ ಮಾತು ಮೇಲಕ್ಕೇರಿಸುತ್ತ ಹೋದೆ. ಆಕೆ ಪಾಠ ಒಪ್ಪಿಸುವ ಮಗುವಿನ ಹಾಗೆ ನಾನು ಹೇಳಿದ್ದನ್ನೆಲ್ಲ ಹೇಳುತ್ತ ಹೋದರು. "ಪೀಡಿಸಿದೆ" ಎನ್ನುವಾಗ ದನಿ ಒಡೆಯಿತು. ಬೀದಿಯ ಹೆಂಗಸರು ಮುಖಮುಖ ನೋಡಿಕೊಂಡರು. ಬಾಗಿಲು ಹಾಗೇ ಇತ್ತು.

"ಚಿಕ್ಕಮ್ಮ, ಸಾಕು ಮಾಡಿ," ಕಿಟಕಿಯಿಂದ ಚಂದ್ರಿಕಾ ಏದುಸಿರು ಬಿಡುತ್ತ ಹೇಳಿದಳು. "ಅಮ್ಮ ನನಗೇನೂ ಅಂದಿಲ್ಲ. ಉಪ್ಪು ಜಾಸ್ತಿ ಆಗಿದ್ದು ನಿಜ. ಬಿಟ್ಬಿಡಿ ಅವರನ್ನ."

ಅಮ್ಮ. ಮೊದಲು ಅತ್ತೆ ಎನ್ನುತ್ತಿದ್ದವಳು ಈ ಆರು ತಿಂಗಳಲ್ಲಿ ಯಾವಾಗಲೋ ಅಮ್ಮ ಎನ್ನಲು ಶುರುಮಾಡಿದ್ದಳು. ಮೂಗು ಒರೆಸಿ, ತಲೆ ಬಾಚಿ, ಸಿಡುಬು ಬಂದಾಗ ಹಗಲಿರುಳು ಬೇವಿನೆಲೆ ಬೀಸಿದ ನಾನು ಇಪ್ಪತ್ತೆರಡು ವರ್ಷದಿಂದ ಚಿಕ್ಕಮ್ಮನೇ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಬೇರೆಯವರ ಮನೆಯ ಜಗಲಿಯಲ್ಲಿ ಕೂತು ಇಂಥ ಹೊಟ್ಟೆಕಿಚ್ಚನ್ನು ಎಷ್ಟು ಸಲ ಹೆಕ್ಕಿ ಹೊರಗಿಟ್ಟಿದ್ದೆನೋ ಲೆಕ್ಕವಿಲ್ಲ. ನನ್ನದಕ್ಕೆ ಮಾತ್ರ ನಾನು ಕಾಳಜಿ ಎಂದು ಹೆಸರಿಟ್ಟುಕೊಂಡಿದ್ದೆ.

ಆಮೇಲೆ ದಯಾಕರನ ಸರದಿ. ಅವನು ರೇಡಿಯೋ ರಿಪೇರಿ ಮಾಡುವವನು, ಮಾತು ಕಡಿಮೆ. ಅವಳು ಭಯವಾಗುತ್ತೆ ಎಂದಾಗ ನಕ್ಕುಬಿಟ್ಟಿದ್ದನಂತೆ. "ಹಗುರ ಮಾಡಿದೆ." ಇಲ್ಲ. ಆಸ್ಪತ್ರೆಗೆ ತೋರಿಸುವ ದಿನ ಎರಡು ಸಲ ಮರೆತಿದ್ದನಂತೆ. "ಕಡೆಗಣಿಸಿದೆ." ಇಲ್ಲ. ಒಂಬತ್ತೂವರೆ ಆಯಿತು. ಹತ್ತು ನಿಮಿಷಕ್ಕೊಮ್ಮೆ ಬರುತ್ತಿದ್ದ ನೋವು ಐದು ನಿಮಿಷಕ್ಕೆ ಇಳಿಯಿತು. ಪ್ರತಿ ಸಲ ಅವಳು ಕೂಗಿದಾಗ ದಯಾಕರನಿಗೆ ದಿಕ್ಕು ತಪ್ಪುತ್ತಿತ್ತು. ಕೊನೆಗೆ ಅವನು ಇಡೀ ಬೀದಿಗೆ ಕೇಳುವ ಹಾಗೆ, "ನಂಗೆ ಈಗಲೇ ಮಗು ಬೇಡವಾಗಿತ್ತು. ಮೂರು ತಿಂಗಳು ಅವಳಿಗೆ ಮುಖ ಕೊಟ್ಟು ಮಾತಾಡ್ಲಿಲ್ಲ. ದೂರ ಇಟ್ಟೆ, ಅವಳನ್ನ ದೂರ ಇಟ್ಟೆ" ಎಂದು ಅತ್ತುಬಿಟ್ಟ. ಇದೇ ಇರಬೇಕೆಂದು ನಾನು ಎದ್ದು ನಿಂತು ಬಾಗಿಲು ದೂಡಿದೆ. ಗೋಡೆಯನ್ನು ದೂಡಿದ ಹಾಗಾಯಿತು.

"ಅದು ನಂಗೆ ಗೊತ್ತಿತ್ತು ರೀ," ಎಂದಳು ಚಂದ್ರಿಕಾ. "ಅದಕ್ಕೆ ಆಗಲೇ ಅತ್ತು ಮುಗಿಸಿದೀನಿ. ಈಗ ಅಳ್ಬೇಡಿ, ನನ್ನ ಸೊಂಟ ಹಿಡ್ಕೊಳ್ಳಿ."

ಅವಳೂ ಬಿಡಲಿಲ್ಲ. ತಾನೇ ಯಾರನ್ನೋ ನೋಯಿಸಿರಬೇಕೆಂದು ಹುಡುಕಿದಳು. ಹೊತ್ತಲ್ಲದ ಹೊತ್ತಿನಲ್ಲಿ ಹುಣಸೆ ಚಿಗುರು ತಾ ಎಂದು ಗಂಡನನ್ನು "ಗೋಳು ಹುಯ್ಕೊಂಡೆ" ಎಂದಳು. ಅಷ್ಟು ನೋವಿನಲ್ಲೂ ಯಾರೋ ನಕ್ಕರು. ಬೀದಿಯವರು ಒಬ್ಬೊಬ್ಬರು ಒಂದೊಂದು ಮಾತು ಸೂಚಿಸಿದರು. ಕಾಡಿಸಿದೆ ಎಂದು ಹೇಳಿ ನೋಡಲಿ, ಸತಾಯಿಸಿದೆ ಎಂದು ಹೇಳಿ ನೋಡಲಿ, ಕೆಣಕಿದೆ ಎನ್ನಲಿ ಎಂದು ಎಲ್ಲರೂ ಬಾಗಿಲಮ್ಮಂದಿರೇ ಆದರು. ನನಗೆ ರೇಗಿ ಹೋಗಿ ಎಲ್ಲರ ಮೇಲೂ ಹರಿಹಾಯ್ದೆ. ನನ್ನ ಬಳಿ ಇದ್ದ ಮಾತುಗಳೆಲ್ಲ ಮುಗಿಯುತ್ತ ಬಂದಿದ್ದವು. ಹಾಗೆ ಆದದ್ದು ಅದೇ ಮೊದಲು.

ಹತ್ತೂವರೆ ಹೊತ್ತಿಗೆ ಒಳಗೆ ಚಂದ್ರಿಕಾ ಬೇರೆ ಥರ ಕೂಗಿದಳು. ಭಾಗೀರಥಮ್ಮ "ನೀರು ಹೋಯ್ತು!" ಎಂದದ್ದು ಕೇಳಿಸಿತು. ಫಿಲೋಮಿನಾ ಕಿಟಕಿಗೆ ಓಡಿದಳು. "ಮಲಗಿಸಿ, ಎಡಗಡೆಗೆ ಮಲಗಿಸಿ. ಸೊಂಟದ ಕೆಳಗೆ ಏನಾದ್ರೂ ಎತ್ತರಕ್ಕೆ ಕೊಡಿ. ಆ ಮೂಲೇಲಿ ನಾಲ್ಕು ಹಾಸಿಗೆ ಇದ್ಯಲ್ಲ, ಮೇಲಿನ ಎರಡನ್ನ ತೆಗೀರಿ." ಆಮೇಲೆ ನನ್ನ ಕಡೆ ತಿರುಗಿ, "ಮೂರು ಜನಕ್ಕೆ ನಾಲ್ಕು ಹಾಸಿಗೆ ಯಾಕಿದೆ? ಇನ್ನೊಂದು ಯಾರದು?" ಎಂದು ಕೇಳಿದಳು.

"ನಂದು" ಎಂದೆ.

ಅಂದದ್ದೇ, ಬಾಗಿಲ ಮೇಲಿಟ್ಟಿದ್ದ ಕೈ ತೆಗೆದು ನಾಲ್ಕನೇ ಬೆರಳು ಮಡಚಿದೆ. ಎಂಟು ದಿನದಿಂದ ಆ ಮನೆಯಲ್ಲಿ ಉಂಡಿದ್ದೆ, ಮಲಗಿದ್ದೆ. ಬೆರಳು ಮಡಚುವಾಗ ನನ್ನನ್ನು ಬಿಟ್ಟು ಎಣಿಸಿದ್ದೆ. ಇಪ್ಪತ್ತೆಂಟು ವರ್ಷ ಬಾಗಿಲ ಹೊರಗೆ ಕೂತು ಕೂತು, ನಾನೂ ಒಂದು ಮನೆಯ ಒಳಗಿನವಳಾಗಿರಬಹುದು ಎಂಬುದೇ ಮರೆತುಹೋಗಿತ್ತು.

ಹಿಂದಿನ ಸಂಜೆ ಭಾಗೀರಥಮ್ಮ ಹಳೆಯ ಮೆತ್ತನೆ ಸೀರೆಗಳನ್ನು ಕತ್ತರಿಸಿ ಕೂಸಿಗೆ ಬಟ್ಟೆ ಮಾಡುತ್ತಿದ್ದರು. ಚಂದ್ರಿಕಾ ಪಕ್ಕದಲ್ಲಿ ಕೂತು, "ಆ ಹೊತ್ತಲ್ಲಿ ನೀವೇ ನನ್ನ ಹತ್ರ ಇರಿ ಅಮ್ಮ. ಮೊದಲು ನೀವೇ ಎತ್ಕೊಳ್ಳಿ" ಎಂದಳು. ನಾನು ಅಲ್ಲೇ ಬತ್ತಿ ಹೊಸೆಯುತ್ತಿದ್ದೆ. ಅವಳು ಎದ್ದು ಹೋಗುವವರೆಗೆ ಕಾದೆ. ದಯಾಕರನಿಗಿಂತ ಮೊದಲು ಭಾಗೀರಥಮ್ಮನಿಗೆ ಎರಡು ಕೂಸು ಹುಟ್ಟಿ, ತಿಂಗಳು ತುಂಬುವ ಮೊದಲೇ ಹೋಗಿದ್ದವು. ಊರಿಗೆಲ್ಲ ಗೊತ್ತಿದ್ದ, ಯಾರೂ ಎತ್ತದ ವಿಷಯ. ನಾನು ದನಿ ಏರಿಸದೆ ಹೇಳಿದೆ: "ಎರಡು ನಿಮ್ಮ ಕೈಯಲ್ಲೇ ಹೋದವಲ್ಲ ಭಾಗೀರಥಮ್ಮ. ಇದಕ್ಕಾದ್ರೂ ಕೈ ಹಚ್ಬೇಡಿ." ಆಕೆ ಕತ್ತರಿ ಕೆಳಗಿಟ್ಟರು. ಬಟ್ಟೆಗಳನ್ನು ಮಡಿಸಿ ನನ್ನ ಮುಂದಿಟ್ಟು ಒಳಗೆ ಹೋದರು. ಹುಡುಗಿಯ ಒಳ್ಳೆಯದಕ್ಕೆ ಹೇಳಿದೆ ಎಂದುಕೊಂಡು ನಾನು ಸುಖವಾಗಿ ನಿದ್ದೆ ಮಾಡಿದ್ದೆ.

ನಾನು ಜಗಲಿಯ ಮೇಲೆ ಮತ್ತೆ ಕೂತೆ. ಬೀದಿಯವರೆಲ್ಲ ಇದ್ದರು. ನನ್ನ ಕೈಯಲ್ಲಿ ಬಾಗಿಲು ಬಿಡಿಸಿಕೊಂಡವರೇ ಹತ್ತು ಜನರಿದ್ದರು. "ನಾನು ಭಾಗೀರಥಮ್ಮನವರಿಗೆ ಎಚ್ಚರಿಕೆ ಕೊಟ್ಟೆ" ಎಂದೆ. ಆ ಹೊತ್ತಿನಲ್ಲೂ ಬಾಯಿಗೆ ಬಂದದ್ದು ಅದು. ನಾಚಿಕೆಯಾಯಿತು. "ನೋಯಿಸಿದೆ" ಎಂದೆ. ನೋಯಿಸಿದೆ ಎಂದು ಶುರುಮಾಡುವವರನ್ನು ನಾನು ಯಾವಾಗಲೂ ಗದರುತ್ತಿದ್ದೆ. ಏನು ಉಂಡೆ ಎಂದರೆ ಊಟ ಉಂಡೆ ಎಂದ ಹಾಗಾಯಿತು, ಸರಿಯಾಗಿ ಹೇಳು ಎಂದು. "ಚುಚ್ಚಿದೆ. ಹಂಗಿಸಿದೆ. ಅವಮಾನ ಮಾಡಿದೆ." ಬೆಳಿಗ್ಗೆ ಆಕೆಯ ಬಾಯಿಂದ ಹೇಳಿಸಿದ ಮಾತುಗಳೇ ಈಗ ನನ್ನ ಬಾಯಲ್ಲಿ ಬರುತ್ತಿದ್ದವು. "ಹಳೇ ಗಾಯ ಕೆದಕಿದೆ" ಎಂದಾಗ ಒಳಗಿನ ಅಗುಳಿ ಟಕ್ಕೆಂದಿತು. ದೂಡಿದೆ. ಬರಲಿಲ್ಲ. ಒಳಗೆ ಚಂದ್ರಿಕಾಳ ಕೂಗು ನರಳಾಟಕ್ಕೆ ಇಳಿದಿತ್ತು, ಅದು ಇನ್ನೂ ಕೆಟ್ಟದ್ದು. "ಕೊಂದೆ, ನಿಮ್ಮನ್ನ ಕೊಂದೆ!" ಎಂದು ಕಿರುಚಿದೆ. ಅಗುಳಿ ಮತ್ತೆ ಬಿಗಿಯಿತು.

"ಬೇಗ, ಬಾಗಿಲಮ್ಮ," ಎಂದಳು ಫಿಲೋಮಿನಾ.

ಮಾತು ಸಿಗದಿದ್ದಾಗ ನೋವುಂಡವರನ್ನೇ ಕೇಳಬೇಕು. ಇದು ನನ್ನ ಕೆಲಸದ ಎರಡನೇ ಪಾಠ. ಬಾಗಿಲಿಗೆ ಬಾಯಿ ಹಚ್ಚಿ ಕೇಳಿದೆ. "ಭಾಗೀರಥಮ್ಮನವರೇ, ಸಂಜೆ ನಾನು ಹಾಗಂದ ಮೇಲೆ ನೀವೇನು ಮಾಡಿದ್ರಿ?"

ಆಕೆ ಬಾಗಿಲ ಆ ಕಡೆಗೆ ಬಂದದ್ದು ಬಳೆ ಸದ್ದಿನಿಂದ ಗೊತ್ತಾಯಿತು.

"ಏನು ಮಾಡ್ಲಿ ವಿಮಲಮ್ಮ. ಯೋಚನೆ ಮಾಡ್ತಾ ಮಲಗಿದ್ದೆ. ಮೊದಲನೇದಕ್ಕೆ ಜ್ವರ ಬಂದಾಗ ತಣ್ಣೀರು ಬಟ್ಟೆ ಹಾಕಿದ್ದೆ, ಅದೇ ತಪ್ಪಾಯ್ತೇನೋ. ಎರಡನೇದು ಹಾಲು ಕುಡೀತಾ ಕುಡೀತಾ ನಿದ್ದೆ ಹೋಯ್ತು, ನಂಗೂ ಒಂದು ಜೊಂಪು ಹತ್ತಿತ್ತು. ಇಷ್ಟು ವರ್ಷ ದೇವರು ಕರ್ಕೊಂಡ ಅಂದ್ಕೊಂಡಿದ್ದೆ. ಬೆಳಗಾಗೋ ಹೊತ್ತಿಗೆ ಗೊತ್ತಾಯ್ತು, ನನ್ನ ಕೈಯಿಂದಲೇ ಹೋಗಿದ್ದು ಅಂತ."

"ನಾನು ಕೇಳ್ದಾಗ ಇದನ್ನ ಯಾಕೆ ಹೇಳ್ಲಿಲ್ಲ ನೀವು?"

"ನೀವು ನಿಜ ಹೇಳಿದ್ರಿ ಅಂದ್ಕೊಂಡೆ. ನಿಜ ಹೇಳಿದ್ರೆ ಬಾಗಿಲು ಹಿಡಿಯಲ್ವಲ್ಲ."

ಚುಚ್ಚಿದ್ದಲ್ಲ ಅದು, ಹಂಗಿಸಿದ್ದೂ ಅಲ್ಲ. ಚುಚ್ಚಿದ್ದರೆ ಆಕೆಗೆ ಕೋಪವಾದರೂ ಬರುತ್ತಿತ್ತು. ಆಮೇಲೆ ಬಾಯಿಗೆ ಬಂದದ್ದು ಬಾಗಿಲಮ್ಮಂದಿರು ಬಳಸುವ ಮಾತೇ ಅಲ್ಲ, ಗಾಡಿಯವರು ಮೂಟೆಗೆ ಬಳಸುವ ಮಾತು.

"ಹೊರಿಸಿದೆ," ಎಂದೆ. "ನಿಮ್ಮದಲ್ಲದ ಎರಡು ಸಾವನ್ನ ನಿಮ್ಮ ತಲೆ ಮೇಲೆ ಹೊರಿಸಿದೆ. ಅವಳು ನಿಮ್ಮನ್ನ ಅಮ್ಮ ಅಂದಿದ್ದಕ್ಕೆ, ಬೇಕಂತಲೇ ಹೊರಿಸಿದೆ."

ಬಾಗಿಲು ಹಿಂದಕ್ಕೆ ಸರಿಯಿತು. ಅದರ ಆ ಕಡೆ ಭಾಗೀರಥಮ್ಮ ನಿಂತಿದ್ದರು, ಕಣ್ಣು ಊದಿತ್ತು. ನಾವು ಒಬ್ಬರ ಮುಖ ಒಬ್ಬರು ನೋಡುವಷ್ಟು ಪುರಸೊತ್ತು ಇರಲಿಲ್ಲ. ಫಿಲೋಮಿನಾ ನಮ್ಮಿಬ್ಬರನ್ನೂ ತಳ್ಳಿಕೊಂಡು ಒಳಗೆ ನುಗ್ಗಿದಳು. ದಯಾಕರನೂ ಆಟೋದವನೂ ಚಂದ್ರಿಕಾಳನ್ನು ಹಾಸಿಗೆ ಸಮೇತ ಎತ್ತಿಕೊಂಡು ಓಡಿದರು. ದಾರಿಯುದ್ದಕ್ಕೂ ನಾನು ಅವಳ ಕಾಲು ಹಿಡಿದು ಕೂತಿದ್ದೆ. ಅವಳು ಮುಖ ಆ ಕಡೆಗೆ ತಿರುಗಿಸಿಕೊಂಡಿದ್ದಳು. ನಾನು ಬಾಗಿಲಿಗೆ ಹೇಳಿದ್ದೆಲ್ಲ ಅವಳಿಗೂ ಕೇಳಿಸಿತ್ತು.

ಆಸ್ಪತ್ರೆಯಲ್ಲಿ ಅವಳನ್ನು ನೇರ ಆಪರೇಷನ್ ಕೋಣೆಗೆ ತೆಗೆದುಕೊಂಡು ಹೋದರು. ರಕ್ತ ಬೇಕಾದೀತು ಎಂದು ದಯಾಕರನನ್ನು ಬೇರೆ ಕಡೆ ಕರೆದೊಯ್ದರು. ಹೊರಗಿನ ಉದ್ದ ಬೆಂಚಿನ ಮೇಲೆ ಉಳಿದವರು ನಾವಿಬ್ಬರೇ, ನಡುವೆ ಮೂರು ಜನ ಕೂರುವಷ್ಟು ಜಾಗ ಬಿಟ್ಟು. ಬಾಗಿಲಿಗೆ ಬೇಕಾದ ಮಾತು ನಾನು ಹೇಳಿ ಆಗಿತ್ತು, ಅದು ಬಿಟ್ಟಿತ್ತು. ಬಿಟ್ಟ ಬಾಗಿಲಿನಿಂದ ಹೊರಬಂದವರು ಆಮೇಲೆ ಹೇಗಿರುತ್ತಾರೆ ಎಂದು ನೋಡಲು ನಾನು ಯಾವತ್ತೂ ನಿಂತವಳಲ್ಲ. ಈಗ ನೋಡುತ್ತಿದ್ದೆ. ಆಕೆ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿ ಮಡಿಲಲ್ಲಿ ಅವಿತಿಟ್ಟುಕೊಂಡಿದ್ದರು. ತಪ್ಪಾಯಿತು ಎಂದೆ. ತಲೆ ಆಡಿಸಿದರು. ಕೈ ಹೊರಗೆ ಬರಲಿಲ್ಲ.

ಒಂದು ಗಂಟೆ ದಾಟಿದ ಮೇಲೆ ಒಳಗಿನಿಂದ ಒಬ್ಬ ನರ್ಸ್ ಬಂದಳು, ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸು ಹಿಡಿದುಕೊಂಡು. "ಹೆಣ್ಣುಮಗು. ತಾಯಿಗೆ ತುಂಬ ರಕ್ತ ಹೋಗಿದೆ, ಆದ್ರೆ ಗಾಬರಿ ಇಲ್ಲ. ಯಾರು ತಗೋತೀರಿ?" ಎಂದಳು. ಹಿರಿಯರೆಂದು ಭಾಗೀರಥಮ್ಮನ ಕಡೆಗೇ ಚಾಚಿದಳು. ಆಕೆ ಬೆಂಚಿನಲ್ಲಿ ಹಿಂದಕ್ಕೆ ಸರಿದು, ಗೋಡೆಗೆ ಒತ್ತಿಕೊಂಡು, "ನಂಗೆ ಬೇಡಮ್ಮ. ಅವರಿಗೆ ಕೊಡಿ" ಎಂದರು.

ನಾನು ತೆಗೆದುಕೊಂಡೆ. ಬಿಸಿಬಿಸಿಯಾಗಿ, ಒಂದು ಮುಷ್ಟಿಯಷ್ಟು ಮುಖ. ಎಷ್ಟು ದಿನದಿಂದ ಆಸೆಪಟ್ಟಿದ್ದೆ ಮೊದಲು ನಾನೇ ಎತ್ತಿಕೊಳ್ಳಬೇಕೆಂದು! ಏನಾದರೂ ಹೇಳೋಣವೆಂದು ನೋಡಿದೆ. ಹೊರಿಸಿದ್ದನ್ನು ಇಳಿಸುವ ಮಾತು ಒಂದೂ ನನ್ನ ಬಳಿ ಇರಲಿಲ್ಲ. ನಡುವಿನ ಜಾಗ ಸರಿದು ಆಕೆಯ ಪಕ್ಕಕ್ಕೆ ಕೂತೆ. ಕೂಸನ್ನು ಕೈಬಿಡದೆ ಆಕೆಯ ಮಡಿಲಿಗೆ ತಂದೆ. ಸೆರಗಿನೊಳಗಿನ ಕೈ ಅಲುಗಲಿಲ್ಲ. "ಬೇಡ ವಿಮಲಮ್ಮ, ಬೇಡ" ಎಂದು ಆಕೆ ಕಣ್ಣು ಮುಚ್ಚಿದರು. ಕೂಸು ನನ್ನ ಎರಡು ಕೈಯ ಮೇಲೆ, ಆಕೆಯ ಮಂಡಿಯ ಅಂಚಿನಲ್ಲಿತ್ತು. ನಾನು ಕೈ ತೆಗೆದುಬಿಟ್ಟೆ.

ಕೂಸು ಒಂದಿಷ್ಟು ಜಾರಿತು ಅಷ್ಟೇ. ಸೆರಗು ಹರಿಯುವ ಹಾಗೆ ಎರಡು ಕೈ ಹೊರಗೆ ಬಂದವು. ಒಂದು ಕತ್ತಿನ ಕೆಳಗೆ, ಒಂದು ಸೊಂಟದ ಕೆಳಗೆ. ಎಳೆದು ಎದೆಗೆ ಅವುಚಿಕೊಂಡ ಭಾಗೀರಥಮ್ಮನ ಮುಖ ಕೆಂಪಾಗಿತ್ತು. ಆಕೆಗೆ ಅಷ್ಟು ಕೋಪ ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಏನ್ರೀ ಇದು, ಬುದ್ಧಿ ಇದ್ಯಾ ನಿಮಗೆ? ಹಸುಗೂಸನ್ನ ಹೀಗಾ ಕೊಡೋದು? ಕತ್ತಿಗೆ ಕೈ ಕೊಡ್ಬೇಕು ಅಂತ ಗೊತ್ತಿಲ್ವಾ?"

"ಗೊತ್ತಿಲ್ಲ ಕಣ್ರೀ" ಎಂದೆ. "ನೀವೇ ಹಿಡ್ಕೊಳ್ಳಿ."